ದವಾಖಾನ್ಯಾಗ ಹರಡುವ ಫ್ಲೂ ಜ್ವರ

ರೋಗಿಯಿಂದ ಡಾಕ್ಟರಿಗೆ ಜ್ವರ ಹತ್ತಬಹುದು ಅಂತ ಎಲ್ಲರಿಗೂ ಗೊತ್ತು. ಆದರೆ ದವಾಖಾನೆಯ ಸಿಬ್ಬಂದಿಯಿಂದ ರೋಗಿಗೂ ಹತ್ತತದ ಅನ್ನೋದನ್ನು ನಾವು ವಿಚಾರ ಮಾಡೋದಿಲ್ಲ. ಇನ್‌ಫ್ಲುಯೆಂಜಾ, ಅಂದರೆ ಫ್ಲೂ, ಎರಡೂ ಕಡೆ ಓಡಾಡುವ ರೋಗ.

ಇದಕ್ಕೆ ಕಾರಣ ಒಂದು ವೈರಸ್. ಕೆಮ್ಮಿದಾಗ, ಸೀನಿದಾಗ ಹಾರುವ ಹನಿಗಳಲ್ಲಿ ಅದು ಇರುತ್ತದೆ. ಮೈಯೊಳಗೆ ಹೊಕ್ಕ ಮೇಲೆ ಜ್ವರ ಕಾಣಲು 1ರಿಂದ 4 ದಿನ ಬೇಕು. ಮೋಸ ಇರೋದು ಇಲ್ಲೇ. ಜ್ವರ ಕಾಣುವ ಒಂದು ದಿನ ಮೊದಲೇ ಆ ಮನುಷ್ಯ ಬೇರೆಯವರಿಗೆ ಅದನ್ನು ಹಂಚತಿರ್ತಾನ. ಮುಂಜಾನೆ ಚೆನ್ನಾಗಿಯೇ ಇದ್ದ ಸಿಸ್ಟರ್ ಹತ್ತು ಮಂಚಕ್ಕೆ ಹೋಗಿ ಸಲೈನ್ ಹಚ್ಚಿ, ನಾಡಿ ನೋಡಿ ಬಂದಿರುತ್ತಾರೆ. ಮರುದಿನ ಅವರಿಗೇ ಚಳಿಜ್ವರ! ಇದರಲ್ಲಿ ಅವರ ತಪ್ಪೇನೂ ಇಲ್ಲ. ಗಟ್ಟಿ ಇದ್ದವರು ವಾರದಾಗ ಎದ್ದು ಕೂಡ್ತಾರ. ಆದರೆ ಕಾಲು ಮುರಿದು ಮಲಗಿದ ಮುದುಕರಿಗೆ, ಬಸುರಿಗೆ, ಕೂಸಿಗೆ, ಸಕ್ಕರೆ ರೋಗದವರಿಗೆ ಅದು ನ್ಯುಮೋನಿಯಾಕ್ಕೆ ತಿರುಗಿ ಜೀವಕ್ಕೇ ಬರಬಹುದು.

1918ರಲ್ಲಿ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ವರ್ಷ ಜೂನ್‌ನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಫ್ಲೂ ರೈಲು ಹತ್ತಿ ಒಳನಾಡಿಗೆ ನಡೆಯಿತು. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಡಾಕ್ಟರರು ಎಷ್ಟೋ ಮಂದಿ ಯುದ್ಧಕ್ಕೆ ಹೋಗಿದ್ದರು. ಇದ್ದವರಿಗೂ ಎಂಥ ಕ್ರಿಮಿ ಅಂತ ತಿಳಿದಿರಲಿಲ್ಲ. ಮನುಷ್ಯರ ಫ್ಲೂ ವೈರಸ್ ಸಿಕ್ಕದ್ದು 1933ರಲ್ಲಿ, ಲಂಡನ್ನಿನಲ್ಲಿ. ಅಲ್ಲಿ ಫೆರೆಟ್ ಎಂಬ, ಮುಂಗುಸಿಯಂಥ ಪ್ರಾಣಿಯ ಮೇಲೆ ಪ್ರಯೋಗ ಮಾಡುತ್ತಿದ್ದರು. ಮುಂದೆ ಅಂಥದೊಂದು ಪ್ರಾಣಿ ಸೀನಿ, ನೋಡಿಕೊಳ್ಳುತ್ತಿದ್ದ ವಿಜ್ಞಾನಿಗೇ ಫ್ಲೂ ಬಂತು. (ರೋಗಿಯಿಂದ ಡಾಕ್ಟರಿಗೆ ಅಂದರೆ ಇದೇ ಅಲ್ಲವೆ?)

ಉಪಾಯಗಳು ಸಣ್ಣವೇ. ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವಾಗ ಕೈ ತೊಳೆಯಬೇಕು. ಬಾಯಿಗೆ ಮಾಸ್ಕ್ ಬೇಕು. ಸಿಬ್ಬಂದಿ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿಕೊಳ್ಳಬೇಕು, ಯಾಕಂದರೆ ಈ ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ. ಜ್ವರ ಬಂದವರಿಗೆ ರಜೆ ಬೇಕು. "ನಾ ರಜೆ ಹಾಕಿದರ ವಾರ್ಡ್ ಯಾರು ನೋಡ್ತಾರ?" ಅಂತ ಕೆಮ್ಮುತ್ತಲೇ ಕೆಲಸಕ್ಕೆ ಬರುವವರು ಇರುತ್ತಾರೆ. ಅವರ ಮನಸ್ಸು ದೊಡ್ಡದು. ಆದರೂ ಆ ರಜೆ ರೋಗಿಗೂ ಔಷಧವೇ ಅಂತ ನನಗನಿಸುತ್ತದೆ.

ಇನ್ನು ನಮ್ಮ ಮಂದಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲೇ ಒಬ್ಬರು ದವಾಖಾನಿ ಸೇರಿದರೂ ಟಂಟಂ ತುಂಬ ಜನ ನೋಡಲು ಹೋಗುತ್ತೇವೆ, ಮೂಗು ಸೋರುವ ಹುಡುಗರನ್ನೂ ಕರಕೊಂಡು. ನೆಗಡಿ, ಜ್ವರ ಇದ್ದವರು ಒಂದು ವಾರ ತಡೆದು ಹೋಗಬೇಕು. ಬಾಳೆಹಣ್ಣು ಬ್ಯಾರೆಯವರ ಕೈಲೆ ಕಳಿಸಿದರೂ ನಡೀತದ.