ಏನೂ ಆಗಲ್ಲ ಅನ್ನುವ ಮೊದಲು

ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸಿಕೊಂಡಿರುವ ನಿಮ್ಮಂಥವರೊಡನೆ ಒಂದಷ್ಟು ಹೊತ್ತು ಮಾತಾಡಬೇಕೆನಿಸಿದೆ. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ ನೀವಾಡುವ ಮಾತು ನನ್ನ ಕಿವಿಗೂ ಬೀಳುತ್ತಿರುತ್ತದೆ. ಮಂತ್ರಿಯೊಬ್ಬನದೋ ಶಾಸಕನೊಬ್ಬನದೋ ಹೆಣ್ಣುಮಕ್ಕಳ ವಿಷಯದ ಸುದ್ದಿ ಹೊರಬಿತ್ತು ಅನ್ನಿ, ನಿಮಗೆ ಸಿಟ್ಟು ಬರುವುದಿಲ್ಲ. ‘ಏನೂ ಆಗಲ್ಲ ಬಿಡು. ನಾಳೆ ಸ್ಟೇ ತರ್ತಾನೆ, ನಾಡಿದ್ದು ಕ್ಲೀನ್ ಚಿಟ್, ಆಚೆ ವರ್ಷ ಮತ್ತೆ ಮಂತ್ರಿ’ ಎಂದು ಒಂದೇ ಉಸಿರಿಗೆ ಕಥೆ ಮುಗಿಸುತ್ತೀರಿ. ಇಪ್ಪತ್ತು ದಾಟದ ಬಾಯಿಗಳಿಂದ ಈ ಮಾತು ಕೇಳುವಾಗ ನನಗೆ ಸಂಕಟವಾಗುತ್ತದೆ.

ಈ ನಿರಾಸೆಗೆ ಕಾರಣವಿಲ್ಲ ಎಂದು ನಾನು ಹೇಳಲಾರೆ. 2012ರ ಫೆಬ್ರುವರಿಯಲ್ಲಿ ವಿಧಾನಸಭೆಯ ಕಲಾಪ ನಡೆಯುತ್ತಿದ್ದಾಗಲೇ ಮಂತ್ರಿಗಳು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದಾರೆಂದು ಟಿ.ವಿ. ಚಾನೆಲ್‌ಗಳು ತೋರಿಸಿದವು. ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ನಾಡಿಗೆ ನಾಡೇ ತಲೆ ತಗ್ಗಿಸಿತು. 2019ರ ಆಗಸ್ಟ್‌ನಲ್ಲಿ ಆ ಮೂವರಲ್ಲಿ ಇಬ್ಬರು, ಲಕ್ಷ್ಮಣ ಸವದಿ ಮತ್ತು ಸಿ.ಸಿ. ಪಾಟೀಲ, ಮತ್ತೆ ಮಂತ್ರಿಗಳಾದರು. ಸವದಿಯವರಂತೂ ಹಿಂದಿನ ವರ್ಷ ಅಥಣಿಯಲ್ಲಿ ಸೋತಿದ್ದವರು, ಉಪಮುಖ್ಯಮಂತ್ರಿಯೇ ಆದರು. ಅಂದು ಸದನದಲ್ಲಿ ನಡೆದದ್ದಕ್ಕೆ ಅವರು ಜನರಿಗೆ ಕೊಟ್ಟ ಉತ್ತರವೇನು, ಆ ಉತ್ತರ ಸಾಕೆಂದು ಯಾರು ಒಪ್ಪಿದರು? ಸವದಿ ಆಮೇಲೆ ಇನ್ನೊಂದು ಪಕ್ಷಕ್ಕೆ ಹೋದರು. ಆ ಪಕ್ಷವೂ ಬಾಗಿಲು ತೆರೆದು ಕರೆದುಕೊಂಡಿತು, 2023ರಲ್ಲಿ ಅವರು ಗೆದ್ದರು. ರಾಜೀನಾಮೆ ಎಂದರೆ ಉತ್ತರ ಕೊಡುವ ಕೆಲಸದ ಮೊದಲ ಮೆಟ್ಟಿಲು. ನಮ್ಮಲ್ಲಿ ಅದನ್ನೇ ಕೊನೆಯ ಮೆಟ್ಟಿಲು ಮಾಡಿಬಿಟ್ಟಿದ್ದಾರೆ. ಕುರ್ಚಿ ಬಿಟ್ಟ ದಿನ ಸುದ್ದಿ ಸಾಯುತ್ತದೆ, ಸುದ್ದಿ ಸತ್ತ ಮೇಲೆ ಕುರ್ಚಿ ಮರಳಿ ಬರುತ್ತದೆ.

ಇನ್ನೊಂದು ಕಾರಣ ನಮ್ಮ ಸಿ.ಡಿ. ರಾಜಕಾರಣ. ‘ಅವನದ್ದು ಸಿ.ಡಿ. ಇದೆಯಂತೆ’ ಎಂಬ ಪಿಸುಮಾತು ಈ ರಾಜ್ಯದಲ್ಲಿ ಎಷ್ಟು ವರ್ಷದಿಂದ ಓಡಾಡುತ್ತಿದೆ! 2021ರ ಮಾರ್ಚ್‌ನಲ್ಲಿ ಆರು ಮಂದಿ ಸಚಿವರು ಒಟ್ಟಿಗೇ ನ್ಯಾಯಾಲಯಕ್ಕೆ ಹೋಗಿ, ತಮ್ಮ ಮಾನಹಾನಿಯಾಗುವಂಥದ್ದನ್ನು ಮಾಧ್ಯಮಗಳು ಪ್ರಕಟಿಸದಂತೆ ತಡೆಯಾಜ್ಞೆ ತಂದರು. 2025ರ ಮಾರ್ಚ್‌ನಲ್ಲಿ ಆಗಿನ ಸಚಿವ ಕೆ.ಎನ್. ರಾಜಣ್ಣ ಸದನದಲ್ಲೇ ಎದ್ದುನಿಂತು, 48 ಮಂದಿ ಹನಿಟ್ರ್ಯಾಪ್‌ಗೆ ಬಲಿಯಾಗಿದ್ದಾರೆ ಎಂದರು. ಒಬ್ಬರ ಗುಟ್ಟನ್ನು ಇನ್ನೊಬ್ಬರು ಜೇಬಿನಲ್ಲಿಟ್ಟುಕೊಂಡು ಬೇಕಾದಾಗ ಹೊರತೆಗೆಯುವ ಕಡೆ ಹೆಣ್ಣಿನ ನೋವು ಯಾರಿಗೂ ಮುಖ್ಯವಲ್ಲ. ಅದನ್ನು ನೋಡಿ ನೋಡಿ ಜನ ‘ಇದೆಲ್ಲ ಅವರವರ ಜಗಳ’ ಎಂದು ಮುಖ ತಿರುಗಿಸಿದರೆ ಆಶ್ಚರ್ಯವೇನಿದೆ?

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ‘ಏನೂ ಆಗಲ್ಲ’ ಎಂಬ ಮಾತನ್ನು ನೀವು ಬಿಡಬೇಕು ಎನ್ನುತ್ತೇನೆ. ಯಾಕೆಂದು ತಿಳಿಯಬೇಕಾದರೆ ಹಾಸನದಲ್ಲಿ ನಡೆದದ್ದನ್ನು ಸಾವಧಾನವಾಗಿ ನೋಡಬೇಕು.

2024ರ ಏಪ್ರಿಲ್ 26ರಂದು ಹಾಸನದಲ್ಲಿ ಲೋಕಸಭೆಗೆ ಮತದಾನ. ಅದಕ್ಕೆ ಕೆಲವೇ ದಿನ ಮೊದಲು ಜಿಲ್ಲೆಯ ತುಂಬ ಪೆನ್‌ಡ್ರೈವ್‌ಗಳು ಹರಿದಾಡಿದವು. ಆಗಿನ ಸಂಸದ, ಮಾಜಿ ಪ್ರಧಾನಿಯ ಮೊಮ್ಮಗ ಪ್ರಜ್ವಲ್ ರೇವಣ್ಣನ ವಿಡಿಯೊಗಳು ಎಂದು. ವಿಷಯ ಅಷ್ಟು ಹಠಾತ್ತನೆ ಹುಟ್ಟಿದ್ದೇನಲ್ಲ. 2023ರ ಜೂನ್‌ನಲ್ಲೇ ತನ್ನ ಮಾನಹಾನಿಯಾಗುವಂಥದ್ದನ್ನು ಪ್ರಕಟಿಸದಂತೆ ಮಾಧ್ಯಮಗಳ ಮೇಲೆ ಆತ ತಡೆಯಾಜ್ಞೆ ತಂದಿದ್ದ. ಆತನ ಪಕ್ಷದೊಡನೆ ಮೈತ್ರಿ ಮಾಡಿಕೊಂಡಿದ್ದ ಪಕ್ಷದ ಸ್ಥಳೀಯ ಮುಖಂಡರೊಬ್ಬರು, ಇಂಥವನಿಗೆ ಟಿಕೆಟ್ ಕೊಟ್ಟರೆ ಅಪಾಯ ಎಂದು 2023ರ ಡಿಸೆಂಬರ್‌ನಲ್ಲೇ ತಮ್ಮ ಪಕ್ಷಕ್ಕೆ ಪತ್ರ ಬರೆದಿದ್ದೆ ಎಂದು ಆಮೇಲೆ ಹೇಳಿದರು. ಆದರೂ ಟಿಕೆಟ್ ಸಿಕ್ಕಿತು. ಮತದಾನ ಮುಗಿಯುತ್ತಿದ್ದಂತೆ ಆತ ರಾಜತಾಂತ್ರಿಕ ಪಾಸ್‌ಪೋರ್ಟ್ ಹಿಡಿದು ಜರ್ಮನಿಗೆ ಹಾರಿದ. ಅಂದು ನಿಮ್ಮ ವಯಸ್ಸಿನವರೆಲ್ಲ ಹೇಳಿದ್ದು ಅದೇ ಮಾತು: ಮುಗೀತು, ಇನ್ನು ಇವನು ಸಿಗಲ್ಲ.

ಸಿಕ್ಕ. ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಮೇ 30ರಂದು ಹಾಸನದಲ್ಲಿ ಮಹಿಳಾ ಸಂಘಟನೆಗಳು, ರೈತ, ದಲಿತ, ಕಾರ್ಮಿಕ ಸಂಘಟನೆಗಳು ಸೇರಿ ‘ಹಾಸನ ಚಲೋ’ ನಡೆಸಿದವು. ಮರುದಿನ ನಸುಕಿಗೆ ಮುನ್ನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಆತ ಇಳಿದಾಗ ಬಂಧಿಸಿ ಕರೆದೊಯ್ದವರು ಮಹಿಳಾ ಪೊಲೀಸ್ ಅಧಿಕಾರಿಗಳು. ನಾಲ್ಕೇ ದಿನಕ್ಕೆ ಬಂದ ಫಲಿತಾಂಶದಲ್ಲಿ ಆತ ನಲವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತಿದ್ದ. ಬಂಧನವಾಗಿ ಹದಿನಾಲ್ಕು ತಿಂಗಳಿಗೆ, 2025ರ ಆಗಸ್ಟ್ 1ರಂದು, ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಅತ್ಯಾಚಾರದ ಪ್ರಕರಣದಲ್ಲಿ ಆತ ಅಪರಾಧಿ ಎಂದಿತು. ಮರುದಿನ ಶಿಕ್ಷೆ: ಜೀವ ಇರುವವರೆಗೆ ಸೆರೆವಾಸ. ಆತ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾನೆ. ಅದು ಅವನ ಹಕ್ಕು.

ಈ ತೀರ್ಪು ಬಂದದ್ದು ಯಾರಿಂದ ಎಂದು ಯೋಚಿಸಿ. ಆ ಪ್ರಕರಣದ ದೂರುದಾರೆ ಅದೇ ಕುಟುಂಬದ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸು. ಕೂಲಿ ಕೊಡುವವನೂ ಅವನ ಮನೆಯವರೇ, ಊರಿನ ಶಾಸಕನೂ ಅವನ ಮನೆಯವರೇ, ಸಂಸದ ಅವನೇ. ಹೀಗಿರುವಾಗ ಯಾವ ಠಾಣೆಯ ಮೆಟ್ಟಿಲು ಹತ್ತಬೇಕು? ಆಕೆ ದೂರು ಕೊಡದಂತೆ ತಡೆಯಲು ಅಪಹರಿಸಲಾಯಿತು ಎಂಬ ಆರೋಪದ ಮೇಲೆ ಬೇರೆಯೇ ಒಂದು ಪ್ರಕರಣ ದಾಖಲಾಯಿತು. ಅಷ್ಟಾದರೂ ಆಕೆ ನ್ಯಾಯಾಲಯದಲ್ಲಿ ನಿಂತು ನಡೆದದ್ದನ್ನು ಹೇಳಿದಳು, ಪಾಟೀಸವಾಲಿಗೂ ಜಗ್ಗಲಿಲ್ಲ. ಆಕೆ ತೋಟದ ಮನೆಯಲ್ಲಿ ಬಿಟ್ಟುಬಂದಿದ್ದ ಸೀರೆಯನ್ನು ತನಿಖಾಧಿಕಾರಿಗಳು ಪತ್ತೆ ಹಚ್ಚಿದರು. ಅದರ ಮೇಲಿನ ಡಿಎನ್‌ಎ ಕುರುಹು ಆಕೆಯ ಮಾತಿಗೆ ಸಾಕ್ಷಿಯಾಯಿತು. ದುಡ್ಡಿಲ್ಲದ, ದೊಡ್ಡವರ ಪರಿಚಯವಿಲ್ಲದ ಒಬ್ಬ ಹೆಂಗಸು ‘ಏನೂ ಆಗಲ್ಲ’ ಎಂದುಕೊಂಡು ಮನೆಯಲ್ಲಿ ಕೂತಿದ್ದರೆ ನಿಜಕ್ಕೂ ಏನೂ ಆಗುತ್ತಿರಲಿಲ್ಲ.

ನನ್ನ ಮಾತಿನ ತಿರುಳು ಇಲ್ಲಿದೆ. ನಾವು ಸುಮ್ಮನೆ ಆಡುವ ಈ ನಿರಾಸೆಯ ಮಾತು ಯಾವ ಸಂಸದನ ಕಿವಿಗೂ ಬೀಳುವುದಿಲ್ಲ, ಬಿದ್ದರೂ ಅವನಿಗೆ ಅದು ಹಿತವೇ. ಅದು ಬೀಳುವುದು ಇಂಥ ಹೆಂಗಸಿನ ಕಿವಿಗೆ. ಅವಳ ತಮ್ಮ ಹೇಳುತ್ತಾನೆ, ಪಕ್ಕದ ಮನೆಯವಳು ಹೇಳುತ್ತಾಳೆ, ಕೊನೆಗೆ ಠಾಣೆಯ ಪೇದೆಯೂ ಹೇಳುತ್ತಾನೆ: ‘ದೊಡ್ಡೋರ ಸಹವಾಸ, ಏನೂ ಆಗಲ್ಲ, ನಿನ್ನ ಮಾನವೇ ಹೋಗೋದು.’ ಹಾಸನದ ವಿಡಿಯೊಗಳಲ್ಲಿ ಇದ್ದರೆನ್ನಲಾದ ಹೆಣ್ಣುಮಕ್ಕಳಲ್ಲಿ ದೂರು ಕೊಡಲು ಮುಂದೆ ಬಂದವರು ಬೆರಳೆಣಿಕೆಯಷ್ಟು. ಮಿಕ್ಕವರ ಬಾಯಿ ಕಟ್ಟಿದ್ದರಲ್ಲಿ ಭಯಕ್ಕೆ ಎಷ್ಟು ಪಾಲಿದೆಯೋ, ಊರಿನವರ ಈ ಮಾತಿಗೂ ಅಷ್ಟೇ ಪಾಲಿದೆ ಎಂದು ನಾನು ನಂಬಿದ್ದೇನೆ.

ನಿಮ್ಮಲ್ಲಿ ಒಬ್ಬಳು ನನ್ನನ್ನು ಕೇಳಿದಳು: ‘ಎದುರು ಪಕ್ಷದ ಸರ್ಕಾರ ಇತ್ತು, ಅದಕ್ಕೇ ಶಿಕ್ಷೆ ಆಯ್ತು. ಅವರದ್ದೇ ಸರ್ಕಾರ ಇದ್ದಿದ್ದರೆ?’ ಪ್ರಶ್ನೆ ಸರಿಯಾಗಿದೆ, ಅದನ್ನು ಬಿಡಬೇಡಿ. ಆದರೆ ಅದನ್ನು ಎತ್ತ ತಿರುಗಿಸುತ್ತೀರಿ ಎನ್ನುವುದು ನಿಮ್ಮ ಕೈಯಲ್ಲಿದೆ. ‘ಆದ್ದರಿಂದ ಎಲ್ಲ ನಾಟಕ’ ಎಂದು ಮುಗಿಸಬಹುದು. ‘ಹಾಗಾದರೆ ಈಗ ಅಧಿಕಾರದಲ್ಲಿರುವವರ ಪಕ್ಷದವನೇ ಸಿಕ್ಕಿಬಿದ್ದಾಗ ಅದೇ ತಂಡ, ಅದೇ ವೇಗ, ಅದೇ ಮಹಿಳಾ ಅಧಿಕಾರಿಗಳು ಎಲ್ಲಿ?’ ಎಂದೂ ಕೇಳಬಹುದು. ಎರಡನೆಯದನ್ನು ಕೇಳುವವರು ಹತ್ತು ಜನ ಹುಟ್ಟಿಕೊಂಡರೂ ಆ ಊರಿನ ಶಾಸಕನಿಗೆ ನಿದ್ದೆ ಬರುವುದಿಲ್ಲ.

ಹಾಗೆಂದು ರಾಜಕಾರಣಿಯ ಮಲಗುವ ಕೋಣೆಗೆಲ್ಲ ಇಣುಕುವುದು ನಮ್ಮ ಕೆಲಸವಲ್ಲ. ಅವನಿಗೆ ಎರಡು ಸಂಸಾರವಿರಬಹುದು, ವಿಚ್ಛೇದನ ಆಗಿರಬಹುದು, ಐವತ್ತರ ವಯಸ್ಸಿನಲ್ಲಿ ಪ್ರೇಮ ಹುಟ್ಟಿರಬಹುದು. ಒಪ್ಪಿಗೆಯಿಂದ ನಡೆದದ್ದಾದರೆ ಅದರ ಲೆಕ್ಕವನ್ನು ಅವನ ಮನೆಯವರು ಕೇಳಿಕೊಳ್ಳಲಿ. ಆದರೆ ವರ್ಗಾವಣೆ ಕೇಳಿಕೊಂಡು ಬಂದ ನೌಕರಳು, ಟಿಕೆಟ್ ಕೇಳಿದ ಕಾರ್ಯಕರ್ತೆ, ಮನೆಗೆಲಸದ ಹೆಂಗಸು, ಇವರ್‍ಯಾರೂ ಅವನಿಗೆ ‘ಬೇಡ’ ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಆ ಬಲವನ್ನು ಅವನಿಗೆ ಕೊಟ್ಟದ್ದು ನಮ್ಮ ಮತ. ಅದನ್ನು ಹೇಗೆ ಬಳಸಿದ ಎಂದು ಕೇಳುವ ಹಕ್ಕು ನಮಗೆ ಪೂರ್ತಿ ಇದೆ, ಅಲ್ಲಿ ‘ಅದು ಅವರ ಖಾಸಗಿ ವಿಷಯ’ ಎಂಬ ಉತ್ತರ ನಡೆಯುವುದಿಲ್ಲ.

ಇನ್ನೊಂದು ಮಾತು ಹೇಳಲು ಕಷ್ಟ, ಆದರೂ ಹೇಳಲೇಬೇಕು. ‘ನಮ್ಮವನು’ ಎಂಬ ಅಭಿಮಾನ. ಜಾತಿಯವನು, ತಾಲ್ಲೂಕಿನವನು, ದೇವಸ್ಥಾನಕ್ಕೆ ದುಡ್ಡು ಕೊಟ್ಟವನು. ಹಾಸನದಲ್ಲಿ ಆ ಚುನಾವಣೆಯಲ್ಲಿ ಸೋತವನಿಗೂ ಆರು ಲಕ್ಷ ಮೀರಿ ಮತ ಬಿದ್ದಿತ್ತು. ಮತದಾನದ ಹೊತ್ತಿಗೆ ಸುದ್ದಿ ಎಲ್ಲರಿಗೂ ತಲುಪಿರಲಿಲ್ಲ, ತಲುಪಿದ ಕಡೆಯೂ ನಂಬುವಂತೆ ಇರಲಿಲ್ಲ, ಆದ್ದರಿಂದ ಆ ಮತದಾರರನ್ನು ನಾನು ದೂರುವುದಿಲ್ಲ. ಆದರೆ ದೂರುಗಳು ದಾಖಲಾದ ಮೇಲೂ ‘ನಮ್ಮ ಮನೆತನಕ್ಕೆ ಮಸಿ ಬಳಿಯುವ ಪಿತೂರಿ’ ಎಂದು ಬೀದಿಗಿಳಿದವರನ್ನು ಕಂಡು ನನಗೆ ನೋವಾಗಿದೆ. ಆ ದೂರುದಾರೆಯರೂ ಅದೇ ಜಿಲ್ಲೆಗಳ, ಅದೇ ಊರುಗಳ ಹೆಣ್ಣುಮಕ್ಕಳಲ್ಲವೇ? ಆರೋಪ ಹೊತ್ತವನು ‘ನಮ್ಮವನು’ ಆಗುವುದಾದರೆ ಅವರು ಯಾರ ಮನೆಯವರು?

ಹುಡುಗರೇ, ನಿಮ್ಮ ಫೋನಿನ ವಿಷಯಕ್ಕೆ ಬರುತ್ತೇನೆ. ಆ ಪೆನ್‌ಡ್ರೈವ್ ಹಂಚಿದವರು ಹೆಂಗಸರ ಮುಖಗಳನ್ನು ಮರೆಮಾಡಲಿಲ್ಲ. ಅವರ ಗಂಡಂದಿರು, ಮಕ್ಕಳು, ಊರಿನವರು ಎಲ್ಲರೂ ನೋಡುವಂತೆ ಹಂಚಿದರು. ಕೆಲವರು ಮನೆ ಬಿಟ್ಟು ಹೋಗಬೇಕಾಯಿತು. ತಪ್ಪು ಮಾಡಿದವನ ಮಾನಕ್ಕಿಂತ ಮೊದಲು ಹೋದದ್ದು ಅವರ ಮಾನ. ಆ ವಿಡಿಯೊವನ್ನು ‘ನೋಡ್ರೋ, ಸಿಕ್ಕಿಬಿದ್ದ’ ಎಂದು ಗೆಳೆಯರ ಗುಂಪಿಗೆ ಕಳಿಸಿದವನು ತಾನು ನ್ಯಾಯದ ಪಕ್ಷ ಎಂದುಕೊಂಡಿರಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅದು ಅಪರಾಧ. ತನಿಖಾ ತಂಡ ಆಗಲೇ ಎಚ್ಚರಿಕೆ ಕೊಟ್ಟಿತ್ತು. ಇಂಥದ್ದು ನಿಮ್ಮ ಕೈಗೆ ಬಂದರೆ ಯಾರಿಗೂ ಕಳಿಸಬೇಡಿ, ಪೂರ್ತಿ ನೋಡಲೂ ಬೇಡಿ. ಪೊಲೀಸರಿಗೆ ತಿಳಿಸಿ. ದೂರು ಕೊಟ್ಟವಳ ಹೆಸರು, ಊರು, ಅವಳ ಮನೆಯವರ ಗುರುತು ಗೊತ್ತಿದ್ದರೂ ಬಾಯಿಬಿಡಬೇಡಿ. ಕಾನೂನು ಅದನ್ನು ಕಾಪಾಡಿದೆ, ನೀವೂ ಕಾಪಾಡಿ.

ಚುನಾವಣೆ ಬಂದಾಗ ಮಾಡುವ ಕೆಲಸ ಬೇರೆ. ಸುಪ್ರೀಂ ಕೋರ್ಟು 2002 ಮತ್ತು 2003ರಲ್ಲಿ ಕೊಟ್ಟ ತೀರ್ಪುಗಳಿಂದಾಗಿ ಪ್ರತಿ ಅಭ್ಯರ್ಥಿಯೂ ತನ್ನ ಮೇಲಿನ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. 2020ರಿಂದೀಚೆಗೆ ಪಕ್ಷಗಳೂ ಮೊಕದ್ದಮೆ ಇರುವವನನ್ನೇ ಯಾಕೆ ಆರಿಸಿದೆವು ಎಂದು ಕಾರಣ ಪ್ರಕಟಿಸಬೇಕು. ಓದುವಾಗ ಮೊಕದ್ದಮೆಗಳ ಸಂಖ್ಯೆ ನೋಡಿ ಹೆದರಬೇಡಿ, ಸೆಕ್ಷನ್ನುಗಳನ್ನು ನೋಡಿ. ನೀರಿಗಾಗಿ ರಸ್ತೆ ತಡೆದವನ ಮೇಲೂ ಕೇಸಿರುತ್ತದೆ, ಹೆಣ್ಣಿನ ಮೇಲೆ ಕೈಮಾಡಿದವನ ಮೇಲೂ ಇರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮೊದಲನೆಯವನಿಗೆ ಅನ್ಯಾಯ, ಎರಡನೆಯವನಿಗೆ ಲಾಭ. ಮತ ಕೇಳಲು ಬಂದವರ ಮುಂದೆ ಆ ಹಾಳೆ ಹಿಡಿದು, ಜಗಳವಾಡದೆ, ಒಂದು ಪ್ರಶ್ನೆ ಕೇಳಿ. ಶಿಕ್ಷೆಯಾದವರ ವಿಷಯದಲ್ಲೂ ಕಾನೂನು ಈಗ ಬಿಗಿಯಾಗಿದೆ. 2013ಕ್ಕೆ ಮೊದಲು ಶಿಕ್ಷೆಯಾದ ಶಾಸಕನೂ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿ ಕುರ್ಚಿಯಲ್ಲೇ ಕೂತಿರಬಹುದಿತ್ತು. ಆ ವರ್ಷ ಲಿಲಿ ಥಾಮಸ್ ಎಂಬ ಹಿರಿಯ ವಕೀಲೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ರಕ್ಷಣೆಯನ್ನು ಕಿತ್ತುಹಾಕಿತು. ಈಗ ಎರಡು ವರ್ಷವೋ ಹೆಚ್ಚೋ ಶಿಕ್ಷೆಯಾದರೆ ಅಂದೇ ಸದಸ್ಯತ್ವ ಹೋಗುತ್ತದೆ.

ಕೊನೆಗೆ ನಿಮ್ಮ ಊರಿಗೇ ಬರೋಣ, ಯಾಕೆಂದರೆ ಸಂಸದನ ತೋಟದ ಮನೆ ಹಾಸನದಲ್ಲಿ ಮಾತ್ರ ಇಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾಯ್ದೆ ಮನೆಗೆಲಸದವರಿಗೂ ಅನ್ವಯಿಸುತ್ತದೆ. ಅಂಥವರ ದೂರು ಕೇಳಲು ಪ್ರತಿ ಜಿಲ್ಲೆಯಲ್ಲೂ ಒಂದು ಸ್ಥಳೀಯ ಸಮಿತಿ ಇರಬೇಕು, ಮೇಲ್ನೋಟಕ್ಕೆ ದೂರಿನಲ್ಲಿ ಹುರುಳಿದೆ ಎನಿಸಿದರೆ ಏಳು ದಿನದೊಳಗೆ ಅದನ್ನು ಪೊಲೀಸರಿಗೆ ಕಳಿಸಬೇಕು. ಊರಿನ ಠಾಣೆಯ ಮೇಲೆ ನಂಬಿಕೆ ಇಲ್ಲದವರು ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಮಹಿಳಾ ಸಹಾಯವಾಣಿ 181. ತೋಟದ ಮನೆಗಳಲ್ಲಿ, ಶಾಸಕರ ಮನೆಗಳಲ್ಲಿ ಕೆಲಸ ಮಾಡುವ ಎಷ್ಟು ಹೆಂಗಸರಿಗೆ ಇದು ಗೊತ್ತಿದೆ? ಈ ವಾರ ಜಿಲ್ಲಾಧಿಕಾರಿ ಕಚೇರಿಗೆ ಇಬ್ಬರು ಮೂವರು ಹೋಗಿ, ನಮ್ಮ ಜಿಲ್ಲೆಯ ಸಮಿತಿಯ ಅಧ್ಯಕ್ಷರು ಯಾರು, ಅವರು ಎಲ್ಲಿ ಸಿಗುತ್ತಾರೆ ಎಂದು ವಿಚಾರಿಸಿ. ಹೆಸರು, ವಿಳಾಸ, ದೂರವಾಣಿ ಬರೆದುಕೊಂಡು ಬಂದು ಗ್ರಾಮ ಪಂಚಾಯಿತಿಯ ಗೋಡೆಗೆ, ಪಡಿತರ ಅಂಗಡಿಯ ಬಾಗಿಲಿಗೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಅಂಟಿಸಿ. ಅಂಥ ಸಮಿತಿಯೇ ಇಲ್ಲ ಎಂದು ಅವರು ಹೇಳಿದರೆ ಅದನ್ನು ಬರಹದಲ್ಲಿ ಕೇಳಿ ಪಡೆಯಿರಿ.