ಕಾಣೆಯಾದವನ ಲೆಕ್ಕ ಯಾರು ಕೊಡಬೇಕು?

ಹಳೇಬೀಡಿನ ನಮ್ಮ ಮಹಲ್ಲಾದಲ್ಲಿ ಮಹಿಳೆಯರಿಗಾಗಿ ನಡೆಯುವ ವಾರದ ತರಗತಿಯಲ್ಲಿ ಸೂರಃ ಯೂಸುಫ್‌ನ ಪಾಠ ನಡೆದಿತ್ತು. ಪರದೆಯ ಆಚೆಯಿಂದ ಒಬ್ಬ ಸಹೋದರಿ ಕೇಳಿದರು: “ಹಜ್ರತ್, ನನ್ನ ಯಜಮಾನರು ಹೋಗಿ ಐದು ವರ್ಷ ಆಯ್ತು. ಇದ್ದಾರೋ ಇಲ್ಲವೋ ಗೊತ್ತಿಲ್ಲ. ನಾನು ಇದ್ದತ್ ಕೂರಬೇಕೋ, ಇನ್ನೂ ಕಾಯಬೇಕೋ?”

ಸಬ್ರ್ ಮಾಡಿ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಆ ದಿನದ ಪಾಠವೇ ನನ್ನ ಬಾಯಿ ಕಟ್ಟಿತು. ಪ್ರವಾದಿ ಯಾಕೂಬ್(ಅ) ಮಗನಿಗಾಗಿ ಅತ್ತು ಕಣ್ಣು ಕಳೆದುಕೊಂಡರು. ಅವರಷ್ಟು ಸಬ್ರ್ ಉಳ್ಳವರು ಯಾರಿದ್ದಾರೆ? ಆದರೂ ಅವರು ಉಳಿದ ಮಕ್ಕಳಿಗೆ, ಹೋಗಿ ಹುಡುಕಿ, ಅಲ್ಲಾಹನ ಕೃಪೆಯ ಬಗ್ಗೆ ನಿರಾಶರಾಗಬೇಡಿ ಎಂದೇ ಆಜ್ಞಾಪಿಸಿದರು. ಸಬ್ರ್ ಹುಡುಕಾಟವನ್ನು ನಿಲ್ಲಿಸುವುದಿಲ್ಲ.

ಸುದ್ದಿಯಿಲ್ಲದೆ ಕಾಣೆಯಾದವನನ್ನು ಫಿಕ್ಹ್ ಗ್ರಂಥಗಳು ‘ಮಫ್‌ಖೂದ್’ ಎನ್ನುತ್ತವೆ. ಅವನಿಗೆ ಪ್ರತ್ಯೇಕ ಅಧ್ಯಾಯವೇ ಇದೆ. ಹನಫೀ ವಿದ್ವಾಂಸರ ಪ್ರಕಾರ ಅವನು ತನ್ನ ಸ್ವತ್ತಿನ ಮಟ್ಟಿಗೆ ಜೀವಂತ, ಆದ್ದರಿಂದ ಅದನ್ನು ಹಂಚಿಕೊಳ್ಳುವಂತಿಲ್ಲ. ಇತರರ ಆಸ್ತಿಗೆ ವಾರಸುದಾರನಾಗುವ ಮಟ್ಟಿಗೆ ಮೃತ. ಅವನ ಸ್ವತ್ತನ್ನು ಕಾಯಲು ಖಾಝಿ ಒಬ್ಬನನ್ನು ನೇಮಿಸಬೇಕು, ಪತ್ನಿ ಮಕ್ಕಳ ಖರ್ಚನ್ನು ಅದರಿಂದ ಕೊಡಿಸಬೇಕು. ಇಲ್ಲಿ ಒಂದು ಅಂಶ ಗಮನಿಸಿ. ಕಾಣೆಯಾದವನ ಮನೆ ಕೇವಲ ಆ ಮನೆಯವರ ತೊಂದರೆಯಲ್ಲ. ಅಧಿಕಾರದಲ್ಲಿ ಇರುವವನ ಹೊಣೆ.

ಪತ್ನಿ ಎಷ್ಟು ಕಾಯಬೇಕು? ಹನಫೀ ಮತದಲ್ಲಿ ಗಂಡನ ಓರಗೆಯವರೆಲ್ಲ ತೀರಿಹೋಗುವಷ್ಟು ಕಾಲ. ಮಾಲಿಕೀ ಮತ ಹ. ಉಮರ್(ರ)ರ ತೀರ್ಪನ್ನು ಹಿಡಿದು, ನಾಲ್ಕು ವರ್ಷ, ಆ ಬಳಿಕ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಎಂದಿತು. 1930ರ ದಶಕದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿಯವರು ಸ್ವತಃ ಹನಫೀಯಾಗಿದ್ದೂ ಮಾಲಿಕೀ ಮತದಂತೆ ಫತ್ವಾ ನೀಡಿದರು. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯಿದೆಯಲ್ಲಿ ಅದೇ ನಾಲ್ಕು ವರ್ಷಗಳ ಅವಧಿ ಸೇರಿತು. ನಮ್ಮ ವಿದ್ವಾಂಸರಿಗೆ ಕಣ್ಣೀರು ಕಾಣುವುದಿಲ್ಲ ಎನ್ನುವವರು ಇದನ್ನು ಓದಲಿ.

ಆದರೆ ಓದುಗರೇ, ತಾನಾಗಿ ಕಾಣೆಯಾದವನ ಮಾತು ಇದಾಯಿತು. ಸರಕಾರವೇ ಕರೆದೊಯ್ದು, ನಮಗೆ ಗೊತ್ತಿಲ್ಲ ಎಂದರೆ?

ನಮ್ಮ ನೆರೆಯ ಕೇರಳದಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಮಾರ್ಚ್ 1ರಂದು ಕಲ್ಲಿಕೋಟೆಯ ಇಂಜಿನಿಯರಿಂಗ್ ಕಾಲೇಜಿನಿಂದ ರಾಜನ್ ಎಂಬ ವಿದ್ಯಾರ್ಥಿಯನ್ನು ಪೊಲೀಸರು ಒಯ್ದರು. ತಂದೆ ಈಚರ ವಾರಿಯರ್ ಕಚೇರಿಯಿಂದ ಕಚೇರಿಗೆ ಅಲೆದರು. 1977ರಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹೈಕೋರ್ಟಿಗೆ ಬಂದ ಮೇಲಷ್ಟೇ ಸತ್ಯ ಹೊರಬಿತ್ತು. ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ನೀಡಬೇಕಾಯಿತು. ಮಗನ ಶವ ಮಾತ್ರ ಸಿಗಲಿಲ್ಲ. ತಂದೆ 2006ರಲ್ಲಿ ತೀರಿಕೊಂಡರು.

ನಮ್ಮ ರಾಜ್ಯದಲ್ಲೇ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಿವೆ. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಅಲ್ಲಿಯ ಬಡವರನ್ನು ಹಿಡಿದೊಯ್ದು ಅಕ್ರಮವಾಗಿ ಕೂಡಿಹಾಕಿದ, ಹಿಂಸಿಸಿದ, ಎನ್‌ಕೌಂಟರ್ ಎಂದು ಕೊಂದ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಿಸಿತು. ಟಾಡಾದಡಿ ವರ್ಷಗಟ್ಟಲೆ ಜೈಲಿನಲ್ಲಿದ್ದವರಲ್ಲಿ ಹೆಚ್ಚಿನವರು 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯದಿಂದ ಬಿಡುಗಡೆಯಾದರು. 2007ರಲ್ಲಿ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಆಯೋಗ ಶಿಫಾರಸು ಮಾಡಬಲ್ಲದು, ಶಿಕ್ಷಿಸಲಾರದು.

ಹಾಗೆಂದು ಪೊಲೀಸರ ಮನೆಯ ದುಃಖವನ್ನು ಮರೆಯುವುದು ನ್ಯಾಯವಲ್ಲ. 1992ರ ಆಗಸ್ಟ್‌ನಲ್ಲಿ ವೀರಪ್ಪನ್ ತಂಡ ಎಸ್‌.ಪಿ. ಹರಿಕೃಷ್ಣರನ್ನೂ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್‌ರನ್ನೂ ಕೊಂದಿತು. 2000ದಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾದಾಗ ಸರಕಾರ ಟಾಡಾ ಆರೋಪಗಳನ್ನು ಹಿಂದೆಗೆಯಲು ಹೊರಟಿತು. ಶಕೀಲ್‌ರ ತಂದೆ ಅಬ್ದುಲ್ ಕರೀಮ್ ಸುಪ್ರೀಮ್ ಕೋರ್ಟಿಗೆ ಹೋಗಿ ಅದನ್ನು ತಡೆದರು. ಬೆಟ್ಟದ ಹಳ್ಳಿಯ ತಾಯಿ ಕೇಳಿದ್ದೂ ಈ ತಂದೆ ಕೇಳಿದ್ದೂ ಒಂದೇ: ನನ್ನ ಮಗನ ಲೆಕ್ಕ ನ್ಯಾಯಾಲಯದಲ್ಲಿ ಆಗಲಿ.

ಪಡೆಗಳು ಮಾಡಿದ ತಪ್ಪಿಗೆ ಆಳುವವನು ಏನು ಮಾಡಬೇಕು? ಮಕ್ಕಾ ವಿಜಯದ ಬಳಿಕ ಹ. ಖಾಲಿದ್(ರ)ರ ದಳ ಬನೂ ಜದೀಮಾ ಗೋತ್ರದ ಸೆರೆಯಾಳುಗಳನ್ನು ಕೊಂದಾಗ ಪ್ರವಾದಿವರ್ಯರು(ಸ) ಕೈಯೆತ್ತಿ, ಖಾಲಿದ್ ಮಾಡಿದ್ದು ನನಗೆ ಒಪ್ಪಿಗೆಯಿಲ್ಲ ಎಂದು ಅಲ್ಲಾಹನ ಮುಂದೆ ಅರಿಕೆ ಮಾಡಿಕೊಂಡರು. ಮುಚ್ಚಿಡಲಿಲ್ಲ, ಸೇನಾನಿಯ ಗೌರವದ ನೆಪ ಹೇಳಲಿಲ್ಲ. ಹ. ಅಲಿ(ರ)ರನ್ನು ಹಣದೊಂದಿಗೆ ಕಳುಹಿಸಿ ಪ್ರತಿಯೊಬ್ಬರ ರಕ್ತಪರಿಹಾರವನ್ನೂ ಕೊಡಿಸಿದರು. ನಾಯಿಯ ನೀರಿನ ಬಟ್ಟಲಿಗೂ ಬೆಲೆ ಕಟ್ಟಲಾಯಿತೆಂದು ಸೀರಾ ಗ್ರಂಥಗಳಲ್ಲಿದೆ. ಮೊದಲು ಒಪ್ಪಿಕೊಳ್ಳುವುದು, ಆಮೇಲೆ ಪರಿಹಾರ. ಇಂದು ಪರಿಹಾರ ಎಲ್ಲೋ ಸಿಗುತ್ತದೆ, ಒಪ್ಪಿಕೊಳ್ಳುವುದು ಮಾತ್ರ ಕಾಣೆ. ಬಲವಂತದ ಕಣ್ಮರೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 2007ರಲ್ಲಿ ಸಹಿ ಹಾಕಿದೆ, ಇನ್ನೂ ಸ್ಥಿರೀಕರಿಸಿಲ್ಲ.

ನಿಮ್ಮ ಬೀದಿಯಿಂದ ಯಾರನ್ನಾದರೂ ಒಯ್ದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ 22ನೇ ವಿಧಿ. ಹಾಗಾಗದಿದ್ದರೆ ಹೈಕೋರ್ಟಿಗೆ ಅರ್ಜಿ ಹಾಕಲು ಬಂಧುವೇ ಆಗಬೇಕಿಲ್ಲ, ಸ್ನೇಹಿತನೂ ಹಾಕಬಹುದು.

ಆ ಸಹೋದರಿಗೆ 1939ರ ಕಾಯಿದೆಯ ದಾರಿ ಹೇಳಿದೆ. ತೀರ್ಪು ಬಂದ ಮೇಲೂ ಆರು ತಿಂಗಳು ಅದು ಜಾರಿಯಾಗದು; ಅಷ್ಟರಲ್ಲಿ ಗಂಡ ಬಂದು ಸಂಸಾರ ನಡೆಸಲು ಸಿದ್ಧನೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿದರೆ ರದ್ದಾಗುತ್ತದೆ. “ಕಾಣೆಯಾದ ದೂರಿನ ಪ್ರತಿ ಇದೆಯಾ ತಾಯೀ?” ಎಂದೆ. ಐದು ವರ್ಷದ ಹಿಂದೆ ಠಾಣೆಗೆ ಹೋಗಿ ಬಾಯಲ್ಲಿ ಹೇಳಿ ಬಂದಿದ್ದರಂತೆ, ಯಾರೂ ಬರೆದುಕೊಂಡಿರಲಿಲ್ಲ. ಮಹಲ್ಲಾದ ಇಬ್ಬರು ಹಿರಿಯರು ಮರುದಿನ ಅವರ ಜೊತೆ ಹೋದರು. ಈ ಸಲ ಬರೆದುಕೊಂಡು ಮೊಹರು ಹಾಕಿ ಕೊಟ್ಟರು.