ಎರಡನೇ ಸಲ ಹೋಗಿ ಬಾ

ನೋಡಮ್ಮಾ, ಜುಲೈ ಒಂದರಿಂದ ನಮ್ಮ ಕ್ಲಬ್ಬಿಗೆ ನೀನೇ ಕಾರ್ಯದರ್ಶಿ. ಪದಗ್ರಹಣದ ದಿನ ನಿನಗೆ ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ ಎಲ್ಲರೂ ಎರಡೆರಡು ಮಾತಾಡಿದರು. ನಾನು ಸುಮ್ಮನೆ ಕೂತಿದ್ದೆ. ಮೂವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದವನು ನಾನು. ಮೈಕು ಹಿಡಿದರೆ ನನ್ನ ಮಾತು ಗಂಟಲಿಗೇ ವಾಪಸು ಹೋಗುತ್ತದೆ. ಮನೆ ಜಗಲಿಯ ಮೇಲೆ ಕೂತರೆ ಬರುತ್ತದೆ. ಕಾಫಿ ಕುಡೀತಾ ಕೇಳು.

ನಮ್ಮದು ಲಯನ್ಸ್ ಕ್ಲಬ್. ಇದರ ಮೂಲ ನಿನಗೆ ಗೊತ್ತಿರಲಿ, ಯಾರಾದರೂ ಮಕ್ಕಳು ಕೇಳಿದರೆ ತಡವರಿಸಬಾರದು. ಚಿಕಾಗೋದಲ್ಲಿ ಮೆಲ್ವಿನ್ ಜೋನ್ಸ್ ಅಂತ ಒಬ್ಬ ವಿಮೆ ವ್ಯವಹಾರದವನು. ಮಧ್ಯಾಹ್ನದ ಊಟಕ್ಕೆ ಸೇರಿ, ನನ್ನ ಗಿರಾಕಿ ನಿನಗೆ, ನಿನ್ನ ಗಿರಾಕಿ ನನಗೆ ಅಂತ ವ್ಯಾಪಾರ ಬೆಳೆಸಿಕೊಳ್ಳುವ ಕೂಟದಲ್ಲಿ ಅವನೂ ಇದ್ದ. ಇಷ್ಟು ಬುದ್ಧಿ ಇರುವವರು ಊರಿಗೂ ಒಂದಿಷ್ಟು ಯಾಕೆ ಆಗಬಾರದು ಅನ್ನಿಸಿ 1917ರಲ್ಲಿ ಇದನ್ನು ಕಟ್ಟಿದ. 1925ರಲ್ಲಿ ಹೆಲೆನ್ ಕೆಲರ್ ಒಹಾಯೋದಲ್ಲಿ ನಡೆದ ಲಯನ್ಸ್ ಸಮ್ಮೇಳನಕ್ಕೆ ಬಂದು, ಕಣ್ಣಿಲ್ಲದವರ ಪರವಾಗಿ ನೀವು ನಿಲ್ಲಬೇಕು ಅಂತ ಕೇಳಿಕೊಂಡರು. ಆಕೆಗೆ ಕಣ್ಣೂ ಕಾಣುತ್ತಿರಲಿಲ್ಲ, ಕಿವಿಯೂ ಕೇಳುತ್ತಿರಲಿಲ್ಲ. ಕಣ್ಣಿನ ಕೆಲಸ ನಮ್ಮ ಪಾಲಿಗೆ ಬಂದದ್ದು ಹಾಗೆ. ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳೋಕೆ ಮಾತ್ರ ಲಯನ್ಸ್‌ನವರಿಗೆ 1987ರ ತನಕ ಬೇಕಾಯಿತು. ಅಲ್ಲೀವರೆಗೆ ನಿಮ್ಮ ಅಜ್ಜಿಯಂಥವರು ‘ಲಯನೆಸ್’ ಅನ್ನಿಸಿಕೊಂಡು ಶಿಬಿರಕ್ಕೆ ಉಪ್ಪಿಟ್ಟು ಕೆದಕುತ್ತಿದ್ದರು, ನಾವು ವೇದಿಕೆ ಹತ್ತುತ್ತಿದ್ದೆವು. ಅದಕ್ಕೇ ನೀನು ಆ ಕುರ್ಚಿಯಲ್ಲಿ ಕೂತಾಗ ನನಗೆ ಸ್ವಲ್ಪ ನಾಚಿಕೆಯೂ ಆಯಿತು.

ಈಗ ನಿನಗೆ ಹೇಳಬೇಕಾದದ್ದು. 1986ರಲ್ಲಿ ನಾನು ಕಾರ್ಯದರ್ಶಿ. ಹೈಸ್ಕೂಲಿನಲ್ಲಿ ಉಚಿತ ನೇತ್ರ ಚಿಕಿತ್ಸಾ ಶಿಬಿರ. ಆ ಕಾಲದಲ್ಲಿ ಶಾಲೆಯ ಕೋಣೆಗೆ ಸುಣ್ಣ ಬಳಿದು, ಬೆಂಚು ಜೋಡಿಸಿ, ಅಲ್ಲೇ ಪೊರೆ ತೆಗೆಯುತ್ತಿದ್ದರು. ಬೀಳಗಿಯ ಕಡೆಯ ಡಾಕ್ಟರ್ ಎಂ. ಸಿ. ಮೋದಿಯವರು ಊರೂರು ಸುತ್ತಿ ನಡೆಸಿದ ಸಾಮೂಹಿಕ ಶಿಬಿರಗಳ ಹೆಸರು ಮನೆಮನೆಗೂ ತಿಳಿದಿತ್ತು. ಒಂದೇ ದಿನಕ್ಕೆ ನೂರಾರು ಆಪರೇಷನ್ ಅಂತ ನಾವು ಬಾಯಿ ಬಿಟ್ಟುಕೊಂಡು ಕೇಳಿದ್ದೆವು. ಆದ್ದರಿಂದ ನಮಗೂ ಎಣಿಕೆಯ ಹುಚ್ಚು. ನಮ್ಮ ಶಿಬಿರದಲ್ಲಿ ಅರವತ್ತಕ್ಕೂ ಮೇಲೆ ಆಯಿತು. ಸಾಲಾಗಿ ಚಾಪೆ ಮೇಲೆ ಮಲಗಿದ ಮುದುಕ ಮುದುಕಿಯರು, ಕಣ್ಣಿಗೆ ಪಟ್ಟಿ, ನಮ್ಮ ಕೈಯಲ್ಲಿ ಕೇಸರಿಬಾತಿನ ಬಾಂಡಲೆ. ಫೋಟೋ ಚೆನ್ನಾಗಿ ಬಂತು. ಲಯನ್ಸ್ ಜಿಲ್ಲಾ ಗವರ್ನರ್ ಕೈಯಿಂದ ನನಗೊಂದು ಫಲಕವೂ ಬಂತು.

ಆಗ ಪೊರೆ ತೆಗೆದರೆ ಈಗಿನ ಹಾಗೆ ಒಳಗೆ ಲೆನ್ಸ್ ಕೂರಿಸುತ್ತಿರಲಿಲ್ಲ. ಗಾಯ ಮಾಗಿದ ಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಆ ಕನ್ನಡಕ ಇದ್ದರೆ ದೃಷ್ಟಿ, ಇಲ್ಲದಿದ್ದರೆ ಎಲ್ಲಾ ಮಸುಕು. ಎರಡು ವರ್ಷದ ಮೇಲೆ ಮಂಡಿಯ ಬಾಕಿ ವಸೂಲಿಗೆ ಅಂತ ಒಂದು ಹಳ್ಳಿಗೆ ಹೋಗಿದ್ದೆ. ಜಗಲಿಯಲ್ಲಿ ಒಬ್ಬಳು ಅಜ್ಜಿ ಗೋಡೆ ತಡವಿಕೊಂಡು ಏಳುತ್ತಿದ್ದಳು. ನನ್ನ ದನಿ ಕೇಳಿ, “ನೀವೇ ಅಲ್ಲವಾ ಸ್ವಾಮಿ, ಆವತ್ತು ಕೇಸರಿಬಾತು ಬಡಿಸಿದೋರು?” ಅಂದಳು. ಕನ್ನಡಕ ಬಿದ್ದು ಒಂದು ಗಾಜು ಚೂರಾಗಿ ವರ್ಷ ದಾಟಿತ್ತು, ಕಡ್ಡಿಯೂ ಮುರಿದಿತ್ತು. ಉಳಿದ ಗಾಜನ್ನು ಎಲೆ ಅಡಿಕೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಮೊಮ್ಮಗನ ಮುಖ ನೋಡಬೇಕು ಅನ್ನಿಸಿದಾಗ ಅದನ್ನು ಕಣ್ಣಿಗೆ ಹಿಡಿದು ನೋಡುವುದು, ಮತ್ತೆ ಡಬ್ಬಿಗೆ ಹಾಕುವುದು. ನನ್ನನ್ನು ಬೈಯಲಿಲ್ಲ. ಮಜ್ಜಿಗೆ ಕೊಡಿಸಿದಳು.

ಹೊಸ ಕನ್ನಡಕಕ್ಕೆ ಬೇಕಾಗಿದ್ದ ದುಡ್ಡು ನನ್ನ ಫಲಕದ ಬೆಲೆಗಿಂತ ಕಡಿಮೆ ಇತ್ತು ಕಣಮ್ಮಾ. ಅವಳು ಯಾರನ್ನು ಕೇಳಬೇಕು? ಶಿಬಿರದ ಬ್ಯಾನರು ಮಡಚಿದ ದಿನವೇ ನಾವೂ ಮಡಚಿಕೊಂಡು ಹೋಗಿದ್ದೆವು. ಶಿಬಿರದ ಪಟ್ಟಿ ನನ್ನ ಬೀರುವಿನಲ್ಲೇ ಇತ್ತು, ಊರು, ಹೆಸರು, ವಯಸ್ಸು ಎಲ್ಲ ಸಮೇತ. ಅದು ಎಣಿಸೋಕೆ ಮಾತ್ರ ಅಂದುಕೊಂಡಿದ್ದೆ. ತಪ್ಪು ನನ್ನದು.

ಅವತ್ತಿನಿಂದ ನಾನೊಂದು ನೋಟ್‌ಬುಕ್ ಇಟ್ಟೆ. ಎಡಕ್ಕೆ ಹೆಸರು, ಬಲಕ್ಕೆ ಎರಡನೇ ಭೇಟಿಯ ತಾರೀಕು. ಬಲಗಡೆ ಖಾಲಿ ಇದ್ದರೆ ಆ ಕೆಲಸ ಆಗಿಲ್ಲ ಅಂತಲೇ ನನ್ನ ಲೆಕ್ಕ. ಈಗ ಶಾಲೆಯಲ್ಲಿ ಬರೀ ತಪಾಸಣೆ. ಆಸ್ಪತ್ರೆಯ ಬಸ್ಸು ಬಂದು ಕರೆದುಕೊಂಡು ಹೋಗಿ, ಲೆನ್ಸ್ ಹಾಕಿ ತಂದು ಬಿಡುತ್ತದೆ. ಒಳ್ಳೆಯದಾಯಿತು. ಆದರೂ ವಾರಗಟ್ಟಲೆ ಹನಿ ಔಷಧ ಹಾಕಬೇಕು. ಒಂಟಿ ಮುದುಕಿಗೆ ಯಾರು ಹಾಕುತ್ತಾರೆ? ನೋವಿಲ್ಲ ಅಂತ ಮೂರೇ ದಿನಕ್ಕೆ ಬಿಡುತ್ತಾರೆ. ಒಲೆ ಹೊಗೆಯ ಮುಂದೆ ಕೂರುತ್ತಾರೆ. ಆಶಾ ಕಾರ್ಯಕರ್ತೆಯ ನಂಬರು ಶಿಬಿರಕ್ಕೆ ಮುಂಚೆಯೇ ನಿನ್ನ ಫೋನಿನಲ್ಲಿ ಇರಲಿ. ಮುಖ್ಯ ಅತಿಥಿಯ ನಂಬರು ಆಮೇಲೆ ಸಿಕ್ಕಿದರೂ ನಡೆಯುತ್ತದೆ.

ರೋಟರಿಯವರ ಮೇಲೆ ನಮ್ಮವರಿಗೆ ಒಂದು ಸಣ್ಣ ಅಸೂಯೆ ಇದ್ದೇ ಇದೆ, ನೀನು ಅದನ್ನು ಕಲಿಯಬೇಡ. ಅವರೂ ಚಿಕಾಗೋದವರೇ, 1905. ಅವರು ಮಾಡಿದ ಮೊದಮೊದಲ ಊರ ಕೆಲಸ ಯಾವುದು ಹೇಳು? ಸಾರ್ವಜನಿಕ ಶೌಚಾಲಯ. ಅದಕ್ಕೆ ಹಾರ ಹಾಕಿ ಫೋಟೋ ತೆಗೆಸಿಕೊಳ್ಳೋಕೆ ಆಗುತ್ತದಾ? ಊರಿಗೆ ಬೇಕಿತ್ತು, ಹಿಡಿದು ಮಾಡಿಸಿದರು. ಆಮೇಲೆ ಪೋಲಿಯೋ. 1985ರಲ್ಲಿ ಪ್ರಪಂಚದಿಂದಲೇ ತೆಗೆಯುತ್ತೇವೆ ಅಂತ ಹೊರಟರು. ನಮ್ಮ ದೇಶದ ಕೊನೆಯ ಕೇಸು ಕಂಡದ್ದು 2011ರ ಜನವರಿ 13ಕ್ಕೆ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. ಪೋಲಿಯೋಮುಕ್ತ ಅಂತ ಮುದ್ರೆ ಬಿದ್ದದ್ದು 2014ರ ಮಾರ್ಚಿನಲ್ಲಿ. ಸರ್ಕಾರದ ನೌಕರರು, ಅಂಗನವಾಡಿಯವರು ಮಾಡಿದ ಕೆಲಸವೇ ಹೆಚ್ಚು ಅನ್ನು, ಸರಿ. ಆದರೆ ಭಾನುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಐಸ್ ಡಬ್ಬಿ ಇಟ್ಟುಕೊಂಡು, ಮಕ್ಕಳ ಕಿರುಬೆರಳಿಗೆ ಶಾಯಿ ಹಚ್ಚುತ್ತಾ ವರ್ಷವರ್ಷವೂ ಅದೇ ಜಾಗದಲ್ಲಿ ನಿಂತ ರೋಟರಿಯವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮಲ್ಲಿ ಪ್ರತಿ ಅಧ್ಯಕ್ಷನಿಗೂ ಹೊಸ ಯೋಜನೆ ಬೇಕು. ಜೂನ್ ಮೂವತ್ತಕ್ಕೆ ಹಳೆಯದು ಸತ್ತುಹೋಗುತ್ತದೆ.

ದುಡ್ಡಿನ ವಿಷಯ. ಎರಡು ಖಾತೆ: ಆಡಳಿತದ್ದು ಒಂದು, ಸೇವೆಯದ್ದು ಒಂದು. ಸದಸ್ಯರ ಚಂದಾ, ಟೇಲ್ ಟ್ವಿಸ್ಟರ್ ಅನ್ನುವ ಪದಾಧಿಕಾರಿ ವಸೂಲು ಮಾಡುವ ತಮಾಷೆಯ ದಂಡ ಇವೆಲ್ಲ ಮೊದಲನೆಯದಕ್ಕೆ; ಬ್ಯಾಡ್ಜು, ಊಟ, ಹಾಲಿನ ಬಾಡಿಗೆ ಅದರಲ್ಲೇ ಮುಗಿಯಬೇಕು. ಊರಿನವರ ಹತ್ತಿರ ಎತ್ತಿದ ದುಡ್ಡು ಎರಡನೆಯದಕ್ಕೆ. ಅದರಿಂದ ಒಂದು ಕಾಫಿಯ ಬಿಲ್ಲು ಕೊಟ್ಟರೂ ಕಳ್ಳತನವೇ. ಗವರ್ನರ್ ಭೇಟಿಯ ರಾತ್ರಿ ಯಾರಾದರೂ ಬಂದು, ನಾಳೆ ಹಾಕಿಬಿಡೋಣ ಬಿಡಮ್ಮಾ ಅಂತಾರೆ. ಅಂಥ ನಾಳೆ ಬಂದದ್ದನ್ನು ಮಂಡಿಯಲ್ಲಿ ನಾನು ಯಾವತ್ತೂ ನೋಡಲಿಲ್ಲ. ಇನ್ನೊಂದು, ತೆರಿಗೆ ವಿನಾಯಿತಿಗೆ ರಸೀದಿ ಕೇಳುವವರಿಗೆ ಮುಂಚೆಯೇ ಹೇಳಿಬಿಡು: ಎರಡು ಸಾವಿರಕ್ಕೆ ಮೇಲೆ ನಗದು ಕೊಟ್ಟರೆ 80ಜಿ ವಿನಾಯಿತಿ ಸಿಗುವುದಿಲ್ಲ, ಚೆಕ್ಕೋ ಆನ್‌ಲೈನೋ ಆಗಬೇಕು.

ಮದುವೆ ಮನೆಯಲ್ಲಿ ಮುಯ್ಯಿ ಬರೆಯುವುದನ್ನು ನೋಡಿದ್ದೀಯಲ್ಲ. ಯಾರು ಎಷ್ಟು ಹಾಕಿದರು ಅಂತ ಬರೆದಿಟ್ಟು, ಅವರ ಮನೆಯ ಶುಭಕಾರ್ಯಕ್ಕೆ ಅದರ ಮೇಲೆ ಸ್ವಲ್ಪ ಸೇರಿಸಿ ತೀರಿಸುವುದು. ಅದರಲ್ಲಿ ತಪ್ಪಿಲ್ಲ, ಸಮಸಮ ಇರುವವರ ವ್ಯವಹಾರ ಅದು. ಆದರೆ ಕ್ಲಬ್ಬಿನವರು ಆರು ನೋಟ್‌ಬುಕ್ ಕೊಟ್ಟು ಮಕ್ಕಳಿಂದಲೂ ಮುಯ್ಯಿ ವಸೂಲು ಮಾಡುತ್ತಾರೆ. ಮುಖ್ಯ ಅತಿಥಿ ಬರುವ ತನಕ ಬಿಸಿಲಲ್ಲಿ ಸಾಲು, ಸ್ವಾಗತಗೀತೆ, ಚಪ್ಪಾಳೆ, ಆಮೇಲೆ ಪುಸ್ತಕ ಹಿಡಿದು ಕ್ಯಾಮೆರಾಕ್ಕೆ ನಗು. ಪುಸ್ತಕದ ಕಟ್ಟನ್ನು ಹೆಡ್‌ಮಿಸ್ ಮೇಜಿನ ಮೇಲೆ ಇಟ್ಟು ಬಂದುಬಿಡು. ಯಾರಿಗೆ ಬೇಕು ಅಂತ ಆಕೆಗೆ ನಮಗಿಂತ ಚೆನ್ನಾಗಿ ಗೊತ್ತು.

ನೇತ್ರದಾನದ್ದು ನಿನಗೆ ಕಷ್ಟದ ಕೆಲಸ. ಡಾಕ್ಟರ್ ರಾಜ್‌ಕುಮಾರ್ 2006ರಲ್ಲಿ ಹೋದಾಗ ಅವರ ಕಣ್ಣು ದಾನವಾಯಿತು. 2021ರಲ್ಲಿ ಪುನೀತ್ ಹೋದಾಗ ಎರಡು ಕಣ್ಣಿನ ಪಾರದರ್ಶಕ ಪಟಲದಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಜನ ಸಾಲುಗಟ್ಟಿ ಪ್ರತಿಜ್ಞೆಯ ಅರ್ಜಿ ತುಂಬಿದರು. ಆದರೆ ತುಂಬಿದ ಕಾಗದ ಬೀರುವಿನ ಸೀರೆಯ ಕೆಳಗೆ ಇರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಸತ್ತಾಗ ಒಪ್ಪಬೇಕಾದವರು ಮನೆಯವರು. ಆಮೇಲೆ ಕಣ್ಣು ತೆಗೆಯೋಕೆ ಇರುವ ಸಮಯ ಸುಮಾರು ಆರು ಗಂಟೆ ಅಷ್ಟೆ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನು ಆರಿಸಿ, ತಲೆಗೆ ದಿಂಬು ಕೊಡಬೇಕು. ಇದನ್ನು ಬೋರ್ಡಿನಲ್ಲಿ ಬರೆಯೋದು ಸುಲಭ. ಅಳುತ್ತಿರುವ ಮನೆಗೆ ಹೋಗಿ ಕೇಳೋದು ಹಾಗಲ್ಲ. ನೀನಾಗಿ ಹೆಂಡತಿ ಮಕ್ಕಳನ್ನು ಕೇಳಬೇಡ. ಅಂಗಳದಲ್ಲಿ ಬಿದಿರು ಕಟ್ಟಿಸುತ್ತಾ, ಪುರೋಹಿತರಿಗೆ ಫೋನು ಮಾಡುತ್ತಾ ಓಡಾಡುತ್ತಿರುವ ಒಬ್ಬ ಭಾವನೋ ಸೋದರಮಾವನೋ ಇದ್ದೇ ಇರುತ್ತಾನೆ. ಅವನ ಕಿವಿಯಲ್ಲಿ ಹೇಳು. ಬೇಡ ಅಂದರೆ ಇನ್ನೊಂದು ಮಾತಾಡದೆ ಚಾಪೆ ಹಾಸೋಕೆ ಕೈ ಹಾಕು. ನಾನು ಕೇಳಿದ ಮನೆಗಳಲ್ಲಿ ಬೇಡ ಅಂದವರೇ ಜಾಸ್ತಿ. ಹಾಗೆ ಅಂದ ಒಂದು ಮನೆಯ ಮಗ ತಿಂಗಳ ತಿಥಿ ಕಳೆದ ಮೇಲೆ ನಾನಿದ್ದ ಮಂಡಿಗೆ ಬಂದು, ಅಮ್ಮನಿಗೆ ವಿಷಯ ಹೇಳಿಟ್ಟಿದ್ದೇನೆ, ಅರ್ಜಿ ಕೊಡಿ ಅಂದ.

ತಗೋ, ಇದು ನೋಟ್‌ಬುಕ್. ರಟ್ಟು ಕಿತ್ತಿದೆ, ಬೈಂಡ್ ಮಾಡಿಸಿಕೋ. ಕೊನೆಯ ಹಾಳೆ ನೋಡು, ಮೇ ತಿಂಗಳ ಶಿಬಿರದ್ದು. ಹನ್ನೊಂದು ಹೆಸರಿನ ಬಲಗಡೆ ಖಾಲಿ ಇದೆ. ಅದರಲ್ಲಿ ನಾಲ್ವರು ಒಂದೇ ಊರಿನವರು, ಕೆರೆ ಏರಿಯ ಮೇಲೆ ಹೋಗಬೇಕು. ಮಂಗಳವಾರ ಸಂತೆ, ಯಾರೂ ಮನೆಯಲ್ಲಿ ಸಿಗುವುದಿಲ್ಲ. ಬುಧವಾರ ಏಳೂವರೆ ಬಸ್ಸಿಗೆ ಹೊರಡು, ನಾನೂ ಬರುತ್ತೇನೆ.